ಮಾಗಿಯ ಚಳಿಯಲ್ಲಿ ಸೈಕಲ್ ಸವಾರಿ: ಕೈ ಬೆಚ್ಚಗಿಡುವ ಬಗೆ

ಮಾಗಿಯ ಬೆಳಗಿನಲ್ಲಿ ಸೈಕಲ್ ತುಳಿಯುವವರಿಗೆ ಮೊದಲು ಕೈಕೊಡುವುದು ಕೈಯೇ. ಕಾಲುಗಳು ತುಳಿಯುತ್ತ ತಾವಾಗಿಯೇ ಬಿಸಿಯಾಗುತ್ತವೆ, ಎದೆ ಸ್ವೆಟರಿನೊಳಗೆ ಬೆಚ್ಚಗಿರುತ್ತದೆ. ಆದರೆ ಹ್ಯಾಂಡಲ್ ಹಿಡಿದ ಬೆರಳುಗಳು ಎದುರುಗಾಳಿಗೆ ಮುಖಮಾಡಿ, ಅಲುಗಾಡದೆ, ತಣ್ಣನೆಯ ಕಬ್ಬಿಣಕ್ಕೆ ಅಂಟಿಕೊಂಡಿರುತ್ತವೆ. ಎರಡು ಮೂರು ಕಿಲೋಮೀಟರ್ ಸಾಗುವಷ್ಟರಲ್ಲಿ ಬೆರಳು ಮರಗಟ್ಟಿ, ಬ್ರೇಕ್ ಹಿಡಿದರೂ ಹಿಡಿದಂತೆ ಅನ್ನಿಸದ ಸ್ಥಿತಿ ಬರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ನಸುಕಿನಲ್ಲೇ ಹಾಲು, ಪತ್ರಿಕೆ, ತರಕಾರಿ ಹೊತ್ತು ಹೊರಡುವವರಿಗೂ ಹಳ್ಳಿಯಿಂದ ಪ್ರೌಢಶಾಲೆಗೆ ಬರುವ ಮಕ್ಕಳಿಗೂ ಇದು ಅಪರಿಚಿತ ಅನುಭವವಲ್ಲ.

ಈ ತೊಂದರೆಗೆ ಗ್ಲೌಸ್ ಒಂದೇ ಪರಿಹಾರವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಬೆರಳಿಗೆ ಬಿಸಿ ಬರುವುದು ರಕ್ತದಿಂದ. ಆ ರಕ್ತ ಬರುವುದು ಎದೆಯಿಂದ, ತೋಳು ಮತ್ತು ಮಣಿಕಟ್ಟಿನ ಮೂಲಕ. ಆದ್ದರಿಂದ ಕೈಯ ಚಳಿಗೆ ಮದ್ದನ್ನು ಕೈಯಲ್ಲಷ್ಟೇ ಹುಡುಕಿದರೆ ಸಾಲದು. ಗಾಳಿಯನ್ನು ತಡೆಯುವುದು, ಮೈ ಮತ್ತು ಮುಂಗೈಯನ್ನು ಬೆಚ್ಚಗಿಡುವುದು, ಕೈಯನ್ನು ಒಣಗಿಡುವುದು, ಈ ಮೂರೂ ಒಟ್ಟಿಗೆ ಆಗಬೇಕು.

ಐದು ತಾಲ್ಲೂಕುಗಳ ಚಳಿ

ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಹಿಂದಿನಿಂದ ಕರೆಸಿಕೊಂಡು ಬಂದ ಈ ಭಾಗ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ಹೊಸ ಜಿಲ್ಲೆಯ ಭಾಗವಾಯಿತು. ಸಮುದ್ರಮಟ್ಟದಿಂದ ಸುಮಾರು 500ರಿಂದ 650 ಮೀಟರ್ ಎತ್ತರದ ಈ ಬಯಲು ಬಿಸಿಲಿಗೆ ಹೆಸರಾದದ್ದು. ಚಳಿಗಾಲದ ಸಿದ್ಧತೆ ಇಲ್ಲಿ ಕಡಿಮೆಯಾಗಿರುವುದಕ್ಕೂ ಅದೇ ಕಾರಣ.

ಡಿಸೆಂಬರ್ ಮತ್ತು ಜನವರಿಯಲ್ಲಿ ಆಕಾಶ ಶುಭ್ರವಾಗಿದ್ದು ಗಾಳಿ ಒಣಗಿರುತ್ತದೆ. ಮೋಡದ ಹೊದಿಕೆ ಇಲ್ಲದ ಕಾರಣ ಹಗಲಿನಲ್ಲಿ ಕಾದ ನೆಲ ರಾತ್ರಿಯಿಡೀ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹೀಗಾಗಿ ಮಧ್ಯಾಹ್ನ ಅಂಗಿ ಸಾಕೆನಿಸುವ ಊರಿನಲ್ಲೇ ಬೆಳಗಿನ ಜಾವ ಕಂಬಳಿ ಬೇಕಾಗುತ್ತದೆ. ದಿನದ ಅತಿ ಕಡಿಮೆ ಉಷ್ಣಾಂಶ ದಾಖಲಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯದ ಆಸುಪಾಸಿನಲ್ಲಿ. ಸೈಕಲ್ ಸವಾರರು ರಸ್ತೆಗಿಳಿಯುವ ಹೊತ್ತೂ ಅದೇ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬರುವುದಿಲ್ಲ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ, ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಉತ್ತರಾರ್ಧದಲ್ಲಿ. ಈ ಭಾಗದಲ್ಲಿ ಆಗ ಸೂರ್ಯೋದಯ ಬೆಳಿಗ್ಗೆ 6.50ರ ನಂತರವೇ. ಸಂಕ್ರಾಂತಿ ಕಳೆಯಿತು, ಚಳಿ ಹಿಂದೆ ಸರಿಯಿತು ಎಂದು ಸ್ವೆಟರ್ ಮಡಿಸಿಟ್ಟವರು ಆ ದಿನಗಳಲ್ಲಿ ಕತ್ತಲು ಮತ್ತು ಚಳಿ ಎರಡಕ್ಕೂ ಸಿಕ್ಕಿಬೀಳುತ್ತಾರೆ.

ಚಳಿ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ತಂಪು ಗಾಳಿ ಭಾರವಾದ್ದರಿಂದ ರಾತ್ರಿ ಗುಡ್ಡದ ಇಳಿಜಾರಿನಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಗುಡೇಕೋಟೆ, ಉಚ್ಚಂಗಿದುರ್ಗದಂಥ ಗುಡ್ಡಗಳ ಸುತ್ತಲಿನ ದಾರಿಗಳಲ್ಲಿ ಏರು ಮುಗಿದು ಹಳ್ಳದ ಕಡೆಗೆ ಇಳಿಯುವಾಗ ಒಮ್ಮೆಲೇ ಮೈ ಕೊರೆಯುವುದು ಇದರಿಂದಲೇ. ಹಡಗಲಿಯ ತುಂಗಭದ್ರಾ ದಂಡೆ, ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರು, ಅಂಕಸಮುದ್ರದ ಕೆರೆಯಂಥ ಜಾಗಗಳ ಬಳಿ ಮಂಜು ಕವಿದು ಹ್ಯಾಂಡಲ್ ಮತ್ತು ಕೈ ಎರಡೂ ತೇವವಾಗುವ ಸಂಭವ ಹೆಚ್ಚು. ಕೂಡ್ಲಿಗಿ, ಕೊಟ್ಟೂರಿನ ಒಣ ಬಯಲಿನಲ್ಲಿ ತೊಂದರೆ ಬರುವುದು ಬೀಸುಗಾಳಿಯಿಂದ. ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುವುದರಿಂದ, ಹರಪನಹಳ್ಳಿಯಿಂದ ಕೊಟ್ಟೂರಿಗೆ ಅಥವಾ ಕೊಟ್ಟೂರಿನಿಂದ ಕೂಡ್ಲಿಗಿಗೆ ಬರುವವರಿಗೆ ಅದು ಎದುರುಗಾಳಿ.

ಬೆರಳೇ ಮೊದಲು ತಣ್ಣಗಾಗುವುದೇಕೆ

ಹೃದಯ, ಶ್ವಾಸಕೋಶ, ಮಿದುಳನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುವುದು ದೇಹದ ಮೊದಲ ಕರ್ತವ್ಯ. ಚಳಿ ತಾಗಿದೊಡನೆ ಅದು ಅಂಚಿನ ಅಂಗಗಳಿಗೆ ಹೋಗುವ ರಕ್ತವನ್ನು ಕಡಿತಗೊಳಿಸುತ್ತದೆ. ಬೆರಳ ತುದಿಗಳಲ್ಲಿ ಅಪಧಮನಿಯಿಂದ ಅಭಿಧಮನಿಗೆ ನೇರವಾಗಿ ರಕ್ತ ಹರಿಸುವ ವಿಶೇಷ ಕೊಂಡಿಗಳಿವೆ. ಸೆಕೆಯಲ್ಲಿ ಅವು ತೆರೆದುಕೊಂಡು ಶಾಖ ಹೊರಹಾಕುತ್ತವೆ, ಚಳಿಯಲ್ಲಿ ಮುಚ್ಚಿಕೊಳ್ಳುತ್ತವೆ. ಬೆರಳುಗಳು ತೆಳುವಾದ ಕೊಳವೆಯಂತಿದ್ದು ಗಾತ್ರಕ್ಕೆ ಹೋಲಿಸಿದರೆ ಅವುಗಳ ಮೇಲ್ಮೈ ಹೆಚ್ಚು. ಅವುಗಳಲ್ಲಿ ಶಾಖ ಹುಟ್ಟಿಸುವ ದೊಡ್ಡ ಸ್ನಾಯುಗಳೂ ಇಲ್ಲ. ಮಕ್ಕಳ ಬೆರಳು ಇನ್ನೂ ಸಣ್ಣದಾದ್ದರಿಂದ ಇನ್ನೂ ಬೇಗ ತಣ್ಣಗಾಗುತ್ತದೆ.

ಬಹುಕಾಲ ಚಳಿಯಲ್ಲಿದ್ದ ಬೆರಳಿಗೆ ದೇಹ ಆಗಾಗ ರಕ್ತ ಬಿಟ್ಟು ಮತ್ತೆ ನಿಲ್ಲಿಸುವುದುಂಟು. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ಇದನ್ನು ವಿವರಿಸಿದರು. ಆದರೆ ತುಂಬ ತಣ್ಣಗಿನ ವಾತಾವರಣದಲ್ಲಿ ಕಾಣಿಸುವ ಈ ರಕ್ಷಣೆ ಎಲ್ಲರಲ್ಲೂ ಒಂದೇ ಬಗೆಯಲ್ಲಿ ಇರುವುದಿಲ್ಲ. ಸವಾರ ಅದನ್ನು ನಂಬಿ ಹೊರಡುವಂತಿಲ್ಲ.

ಬೆರಳನ್ನು ಮಡಿಸಿ ಹಿಡಿತ ಬಿಗಿಗೊಳಿಸುವ ಮುಖ್ಯ ಸ್ನಾಯುಗಳು ಇರುವುದು ಅಂಗೈಯಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳನ್ನು ಎಳೆಯುತ್ತವೆ. ಮುಂಗೈ ತಣ್ಣಗಾದರೆ ಗ್ಲೌಸ್ ಇದ್ದರೂ ಹಿಡಿತ ಸಡಿಲಾಗುತ್ತದೆ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಬಹಳ ಹತ್ತಿರದಲ್ಲಿವೆ. ನಾಡಿ ಹಿಡಿದು ನೋಡುವುದು ಅಲ್ಲಿಯೇ. ಅಂಗಿಯ ತೋಳಿಗೂ ಗ್ಲೌಸಿಗೂ ನಡುವೆ ಎರಡು ಬೆರಳಗಲ ಬರಿಗೈ ಉಳಿದರೆ, ಬೆರಳಿಗೆ ಹೊರಟ ಬಿಸಿರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ.

ಸವಾರನೇ ಹುಟ್ಟಿಸುವ ಗಾಳಿ

ಉಷ್ಣಮಾಪಕ ತೋರಿಸುವ ಅಂಕಿಗೂ ಚರ್ಮಕ್ಕೆ ತಾಗುವ ಚಳಿಗೂ ಇರುವ ಅಂತರಕ್ಕೆ ಗಾಳಿ ಕಾರಣ. ದೇಹದ ಸುತ್ತ ಬೆಚ್ಚನೆಯ ಗಾಳಿಯ ತೆಳುಪದರವೊಂದು ಇರುತ್ತದೆ. ಗಾಳಿ ಬೀಸಿದರೆ ಆ ಪದರ ಕಿತ್ತುಹೋಗುತ್ತದೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟುವ ವೇಗವನ್ನು ಅಳೆದು ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಹೊಸ ಸೂತ್ರವನ್ನು ಬಳಕೆಗೆ ತಂದವು. ಅದು 10 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆ ಉಷ್ಣಾಂಶಕ್ಕೆ ಅನ್ವಯಿಸುತ್ತದೆ.

ಆ ಸೂತ್ರದ ಪ್ರಕಾರ 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 15 ಕಿ.ಮೀ. ಗಾಳಿ ಎದುರಾದರೆ ತೆರೆದ ಚರ್ಮಕ್ಕೆ ಸುಮಾರು 8 ಡಿಗ್ರಿಯ ಚಳಿ ತಾಗಿದಂತಾಗುತ್ತದೆ. 20 ಕಿ.ಮೀ. ಆದರೆ 7, ಮೊಪೆಡ್ ಓಡುವ 40 ಕಿ.ಮೀ. ವೇಗದಲ್ಲಿ 6. ಮರದೆಲೆ ಅಲುಗದ ಬೆಳಗಿನಲ್ಲೂ ಸೈಕಲ್ ಸವಾರ ತನ್ನ ವೇಗದಿಂದಲೇ ಈ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತಾನೆ. ಎದುರುಗಾಳಿ ಇದ್ದರೆ ಎರಡೂ ಕೂಡಿಕೊಳ್ಳುತ್ತವೆ. 15ರಿಂದ 40 ಕಿ.ಮೀ.ಗೆ ಏರಿದರೂ ವ್ಯತ್ಯಾಸ ಎರಡೇ ಡಿಗ್ರಿ ಎಂಬುದನ್ನು ಗಮನಿಸಬೇಕು. ಅಂದರೆ ಸ್ವಲ್ಪ ನಿಧಾನವಾಗಿ ತುಳಿದ ಮಾತ್ರಕ್ಕೆ ಕೈ ಬೆಚ್ಚಗಾಗುವುದಿಲ್ಲ. ಗಾಳಿ ಚರ್ಮಕ್ಕೆ ತಾಗದಂತೆ ತಡೆದರೆ ಮಾತ್ರ ಪ್ರಯೋಜನ.

ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಕಡಿಮೆಯಾಗಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಾಗ ಭಾರತೀಯ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಪರಿಗಣಿಸುತ್ತದೆ. ಈ ತಾಲ್ಲೂಕುಗಳಲ್ಲಿ ಅಷ್ಟು ಚಳಿ ಅಪರೂಪ. ಆದರೆ ಕೈ ಮರಗಟ್ಟಲು ಅಷ್ಟು ಚಳಿ ಬೇಕಾಗಿಲ್ಲ. ಒದ್ದೆ ಕೈ, ಬರಿಗೈ, ಎದುರುಗಾಳಿ ಕೂಡಿದರೆ ಹದಿನೈದು ಡಿಗ್ರಿಯೂ ಸಾಕಾಗುತ್ತದೆ.

ಕಬ್ಬಿಣ ಮತ್ತು ನೀರು ಉಳಿದ ಶತ್ರುಗಳು. ಉಕ್ಕು ಗಾಳಿಗಿಂತ ಸಾವಿರಾರು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ, ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಹ್ಯಾಂಡಲ್‌ಗೆ ಹಿಡಿಕೆ ಇದ್ದರೂ ಬ್ರೇಕಿನ ಸರಳು ಬರಿಯ ಉಕ್ಕಿನದು. ರಾತ್ರಿ ಅಂಗಳದಲ್ಲಿ ನಿಂತು ಇಬ್ಬನಿ ಕುಡಿದ ಸೈಕಲ್ಲಿನ ಬ್ರೇಕಿಗೆ ಬೆರಳು ಇಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಸುಖದ ಪ್ರಶ್ನೆಯಲ್ಲ

ಬೆರಳ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಂದುತ್ತದೆ. ಇನ್ನೂ ಇಳಿದು 8 ಡಿಗ್ರಿಯ ಹತ್ತಿರ ಬಂದರೆ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಆಗ ಬ್ರೇಕ್ ಎಷ್ಟು ಬಿಗಿಯಾಯಿತು ಎಂಬುದು ತಿಳಿಯುವುದಿಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿರುವ ಸೈಕಲ್ ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತದೆ. ಬ್ರೇಕ್ ಒಂದು ಸೆಕೆಂಡ್ ತಡವಾದರೆ, ಮಬ್ಬುಗತ್ತಲಲ್ಲಿ ಅಡ್ಡ ಬಂದ ಎಮ್ಮೆಗೂ ಸವಾರನಿಗೂ ನಡುವಿನ ಅಂತರ ಅಷ್ಟು ಕಡಿಮೆಯಾಯಿತು ಎಂದೇ ಅರ್ಥ.

ಕೈಯನ್ನು ಜೇಬಿನಲ್ಲಿಟ್ಟು ಒಂದೇ ಕೈಯಲ್ಲಿ ಸೈಕಲ್ ಓಡಿಸುವುದು ಇನ್ನೊಂದು ಅಪಾಯ. ಚಳಿ ತಾಳಲಾರದೆ ಮಕ್ಕಳು ಹೆಚ್ಚಾಗಿ ಮಾಡುವುದು ಇದನ್ನೇ. ಕೂಡ್ಲಿಗಿ ಮೂಲಕ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಾಗಲಿ, ಲಾರಿ ಸಂಚಾರದ ರಾಜ್ಯ ಹೆದ್ದಾರಿಗಳಲ್ಲಾಗಲಿ ದೊಡ್ಡ ವಾಹನ ಪಕ್ಕದಲ್ಲಿ ಹಾದಾಗ ಬೀಸುವ ಗಾಳಿಗೆ ಒಂಟಿ ಕೈಯ ಸೈಕಲ್ ತೂರಾಡುತ್ತದೆ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳ ಶಾಲೆಯ ದಾರಿಯನ್ನು ಹತ್ತಿರ ಮಾಡಿತ್ತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಆದರೆ ಹಳ್ಳಿ ಮತ್ತು ಪ್ರೌಢಶಾಲೆಯ ನಡುವಿನ ದೂರ ಹಾಗೆಯೇ ಇದೆ. ಅದನ್ನು ಸೈಕಲ್ಲಿನಲ್ಲೇ ಕ್ರಮಿಸುವ ಮಕ್ಕಳೂ ಇದ್ದಾರೆ.

ಯುರೋಪಿನ ಎರಡು ನಿದರ್ಶನ

ಕೈಯ ಚಳಿ ವೃತ್ತಿಪರ ಸೈಕಲ್ ಸ್ಪರ್ಧಿಗಳನ್ನೂ ಬಿಟ್ಟಿಲ್ಲ. 1980ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಲಿಯೇಜ್–ಬಾಸ್ತೋನ್–ಲಿಯೇಜ್ ಸ್ಪರ್ಧೆ ಹಿಮಪಾತದಲ್ಲಿ ನಡೆಯಿತು. 174 ಸ್ಪರ್ಧಿಗಳಲ್ಲಿ ಗುರಿ ಮುಟ್ಟಿದವರು 21 ಮಂದಿ ಮಾತ್ರ. ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ ಫ್ರಾನ್ಸಿನ ಬರ್ನಾರ್ ಇನೋ ಅವರ ಬೆರಳುಗಳಿಗೆ ಆ ದಿನ ತಗುಲಿದ ಹಾನಿ ಪೂರ್ತಿಯಾಗಿ ವಾಸಿಯಾಗಲೇ ಇಲ್ಲ.

1988ರ ಜೂನ್ 5ರಂದು ಇಟಲಿಯ ಜಿರೋ ಸ್ಪರ್ಧೆ 2,600 ಮೀಟರಿಗೂ ಎತ್ತರದ ಗಾವಿಯಾ ಕಣಿವೆದಾರಿಯನ್ನು ಹಿಮದ ನಡುವೆ ದಾಟಿತು. ಶಿಖರವನ್ನು ಮೊದಲು ಮುಟ್ಟಿದ ಡಚ್ ಸವಾರ ಯೋಹಾನ್ ವಾನ್ ಡರ್ ವೆಲ್ಡೆ ಇಳಿಜಾರಿನಲ್ಲಿ ಚಳಿಗೆ ಸೋತು ಮುಕ್ಕಾಲು ಗಂಟೆಯಷ್ಟು ಹಿಂದೆ ಬಿದ್ದರು. ನಿಯೋಪ್ರೀನ್ ರಬ್ಬರಿನ ಗ್ಲೌಸ್ ತೊಟ್ಟು ಸಿದ್ಧರಾಗಿ ಬಂದಿದ್ದ ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ಅಂದು ಮುನ್ನಡೆ ಪಡೆದು ಕೊನೆಗೆ ಇಡೀ ಸ್ಪರ್ಧೆಯನ್ನೇ ಗೆದ್ದರು. ನಮ್ಮ ಬಯಲಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಪಾಠ ಒಂದೇ: ಏರುವಾಗ ಬೆವರಿದ ಮೈ ಇಳಿಯುವಾಗ ತಣ್ಣಗಾಗುತ್ತದೆ. ಸಿದ್ಧತೆ ಹೊರಡುವ ಮುನ್ನವೇ ಆಗಿರಬೇಕು.

ಗ್ಲೌಸ್ ಆರಿಸುವಾಗ

ಬೆಚ್ಚಗಿಡುವುದು ಬಟ್ಟೆಯಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿ. ಈ ತತ್ವ ತಿಳಿದರೆ ಆಯ್ಕೆ ಸುಲಭ.

* ಹೆಣೆದ ಉಣ್ಣೆಯ ಗ್ಲೌಸ್ ನಿಂತಲ್ಲಿ ಬೆಚ್ಚಗಿಡುತ್ತದೆ. ಸೈಕಲ್ ಮೇಲೆ ಅದರ ಕಣ್ಣುಗಳ ಮೂಲಕ ಗಾಳಿ ನುಗ್ಗುತ್ತದೆ. ಅದರ ಮೇಲೆ ಗಾಳಿ ತಡೆಯುವ ನೈಲಾನ್ ಅಥವಾ ತೊಗಲಿನ ತೆಳು ಹೊದಿಕೆ ಇದ್ದರೆ ಉತ್ತಮ.
* ಹತ್ತಿಯ ಗ್ಲೌಸ್ ಅಗ್ಗ, ಆದರೆ ಬೆವರು ಅಥವಾ ಇಬ್ಬನಿಗೆ ನೆನೆದರೆ ಬರಿಗೈಗಿಂತ ಹೆಚ್ಚು ಚಳಿ ಕೊಡಬಹುದು. ಉಣ್ಣೆ ತೇವವಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ.
* ಬಿಗಿಯಾದ ಗ್ಲೌಸ್ ಬೇಡ. ಅದು ರಕ್ತಸಂಚಾರಕ್ಕೆ ತಡೆಯಾಗುತ್ತದೆ, ಗಾಳಿ ನಿಲ್ಲುವ ಜಾಗವನ್ನೂ ಕಸಿಯುತ್ತದೆ. ತೊಟ್ಟು ಮುಷ್ಟಿ ಕಟ್ಟಿದಾಗ ಎಲ್ಲಿಯೂ ಎಳೆಯಬಾರದು.
* ನಾಲ್ಕು ಬೆರಳೂ ಒಂದೇ ಚೀಲದಲ್ಲಿರುವ ಬಗೆ ಹೆಚ್ಚು ಬೆಚ್ಚಗೆ, ಆದರೆ ಬ್ರೇಕ್ ಹಿಡಿಯಲು ತೊಡಕು. ಚಳಿದೇಶಗಳಲ್ಲಿ ಎರಡೆರಡು ಬೆರಳು ಜೋಡಿಸಿದ ಗ್ಲೌಸ್ ಬಳಸುವುದು ಇದಕ್ಕಾಗಿಯೇ.
* ಗ್ಲೌಸಿನ ಬಾಯಿ ಅಂಗಿಯ ತೋಳನ್ನು ಮುಚ್ಚುವಷ್ಟು ಉದ್ದವಿರಬೇಕು. ಅಂಗೈ ಭಾಗ ಜಾರುವಂತಿರಬಾರದು.
* ಕೊಳ್ಳುವ ಮುನ್ನ ತೊಟ್ಟು ಬ್ರೇಕ್ ಹಿಡಿದು, ಗಂಟೆ ಬಾರಿಸಿ ನೋಡಬೇಕು. ಎರಡೂ ಸಲೀಸಾಗಿ ಆಗದಿದ್ದರೆ ಅದು ಸೈಕಲ್ಲಿಗೆ ತಕ್ಕ ಗ್ಲೌಸ್ ಅಲ್ಲ.

ಖರ್ಚಿಲ್ಲದ ಉಪಾಯಗಳು

ವರ್ಷಕ್ಕೆ ಎರಡು ತಿಂಗಳ ಚಳಿಗಾಗಿ ಹಣ ಖರ್ಚು ಮಾಡಲು ಎಲ್ಲರಿಗೂ ಆಗದು. ಮನೆಯಲ್ಲಿರುವ ವಸ್ತುಗಳಿಂದಲೇ ಹೆಚ್ಚಿನ ಕೆಲಸ ಆಗುತ್ತದೆ.

ಹಳೆಯ ಕಾಲುಚೀಲದ ತುದಿ ಕತ್ತರಿಸಿ ಮುಂಗೈಗೆ ತೊಟ್ಟರೆ ಮೊಣಕೈಯ ಬಳಿಯಿಂದ ಮಣಿಕಟ್ಟಿನವರೆಗೆ ಹೊದಿಕೆಯಾಗುತ್ತದೆ. ಹೆಬ್ಬೆರಳಿಗೆ ಒಂದು ತೂತು ಮಾಡಿದರೆ ಅಂಗೈಯ ಅರ್ಧಭಾಗವೂ ಮುಚ್ಚುತ್ತದೆ. ಗ್ಲೌಸ್ ಇಲ್ಲದವರಿಗೂ ಇದು ಅನುಕೂಲ. ರಬ್ಬರ್ ಪಟ್ಟಿ ಬಿಗಿಯಾಗಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕು. ಅರ್ಧ ತೋಳಿನ ಸ್ವೆಟರ್ ಮಾತ್ರ ಇರುವ ಮಕ್ಕಳಿಗೆ ಒಳಗೆ ಪೂರ್ಣ ತೋಳಿನ ಅಂಗಿ ತೊಡಿಸುವುದು ಮುಖ್ಯ.

ಪತ್ರಿಕೆಯ ನಾಲ್ಕಾರು ಹಾಳೆಗಳನ್ನು ಎದೆಯ ಮೇಲೆ, ಅಂಗಿ ಮತ್ತು ಸ್ವೆಟರ್ ನಡುವೆ ಇಟ್ಟುಕೊಂಡರೆ ಗಾಳಿ ಒಳಬರುವುದಿಲ್ಲ. ಟೂರ್ ಡಿ ಫ್ರಾನ್ಸ್‌ನಂಥ ಸ್ಪರ್ಧೆಗಳಲ್ಲೂ ಬೆಟ್ಟ ಇಳಿಯುವ ಮುನ್ನ ಸವಾರರು ಎದೆಗೆ ಪತ್ರಿಕೆ ತುರುಕಿಕೊಳ್ಳುತ್ತಿದ್ದರು. ಎದೆ ಬೆಚ್ಚಗಿದ್ದರೆ ದೇಹ ಬೆರಳಿಗೆ ಕಳಿಸುವ ರಕ್ತವನ್ನು ಅಷ್ಟಾಗಿ ತಡೆಯುವುದಿಲ್ಲ. ಕಿವಿ, ಕತ್ತು ಮುಚ್ಚುವ ಮಫ್ಲರ್ ಅಥವಾ ಟವೆಲ್ ಕೂಡ ಇದೇ ಕೆಲಸ ಮಾಡುತ್ತದೆ. ಅದರ ತುದಿ ಚಕ್ರಕ್ಕೆ ಸಿಕ್ಕದಂತೆ ಒಳಗೆ ಸೇರಿಸಬೇಕು.

ಬ್ರೇಕಿನ ಸರಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸಿದರೆ ಬೆರಳು ನೇರವಾಗಿ ಉಕ್ಕಿಗೆ ತಾಗುವುದಿಲ್ಲ. ಬ್ರೇಕ್ ಪೂರ್ತಿ ಎಳೆಯಲು ಅಡ್ಡಿಯಾಗುತ್ತಿಲ್ಲವೇ ಎಂದು ಪರೀಕ್ಷಿಸಬೇಕು. ಸೈಕಲ್ಲನ್ನು ರಾತ್ರಿ ಪಡಸಾಲೆ ಅಥವಾ ಚಪ್ಪರದಡಿ ನಿಲ್ಲಿಸಿದರೆ ಇಬ್ಬನಿ ತಪ್ಪುತ್ತದೆ. ಇಲ್ಲವಾದರೆ ಹೊರಡುವ ಮುನ್ನ ಹ್ಯಾಂಡಲನ್ನು ಒಣಬಟ್ಟೆಯಿಂದ ಒರೆಸಬೇಕು.

ಹಿಡಿಕೆಗೇ ಚೀಲದಂಥ ಕವಚ ತೊಡಿಸಿ ಅದರೊಳಗೆ ಕೈ ತೂರಿಸುವ ಪದ್ಧತಿ ಉತ್ತರ ಭಾರತದ ಬೈಕ್ ಸವಾರರಲ್ಲಿದೆ. ಹರಿದ ರೇನ್‌ಕೋಟ್ ಅಥವಾ ರೆಕ್ಸಿನ್‌ನಿಂದ ಊರಿನ ದರ್ಜಿಯೇ ಇದನ್ನು ಹೊಲಿದುಕೊಡಬಲ್ಲ. ಬಾಯಿ ಅಗಲವಿದ್ದು, ಬಿದ್ದರೆ ಕೈ ತಟ್ಟನೆ ಹೊರಬರುವಂತಿರಬೇಕು. ಬರಿಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವುದು ಮಾತ್ರ ಸರಿಯಲ್ಲ. ಒಳಗೆ ಬೆವರು ನಿಂತು ಕೈ ಒದ್ದೆಯಾಗುತ್ತದೆ, ಬ್ರೇಕ್ ಮೇಲೆ ಜಾರುತ್ತದೆ.

ಹೊರಡುವ ಮುನ್ನ, ದಾರಿಯಲ್ಲಿ, ತಲುಪಿದ ಮೇಲೆ

ತಣ್ಣಗಾದ ಕೈಗೆ ಗ್ಲೌಸ್ ತೊಟ್ಟರೆ ಅದು ಚಳಿಯನ್ನೇ ಕಾಪಾಡುತ್ತದೆ. ಕೈ ಬೆಚ್ಚಗಿರುವಾಗಲೇ, ಮನೆಯೊಳಗೇ ತೊಡಬೇಕು. ಹಾಲು ತುಂಬಿದವರು, ಪಾತ್ರೆ ತೊಳೆದವರು ಕೈ ಚೆನ್ನಾಗಿ ಒರೆಸಿಕೊಂಡು ಹೊರಡಬೇಕು. ಮನೆಮನೆಗೆ ಹಾಲು ಅಳೆಯುವವರಿಗೆ ಕೈ ಪದೇ ಪದೇ ಒದ್ದೆಯಾಗುವುದರಿಂದ ಇನ್ನೊಂದು ಜೊತೆ ಗ್ಲೌಸ್, ಒಂದು ಒಣಬಟ್ಟೆ ಜೊತೆಗಿರುವುದು ಲೇಸು. ಒಂದಿಷ್ಟು ತಿಂದು ಹೊರಟರೆ ದೇಹಕ್ಕೆ ಶಾಖ ಹುಟ್ಟಿಸಲು ಇಂಧನ ಸಿಗುತ್ತದೆ. ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಸಾಕು.

ಮೊದಲ ಐದು ನಿಮಿಷ ಹದವಾಗಿ ತುಳಿದು ಮೈ ಬಿಸಿಯಾದ ಮೇಲೆ ವೇಗ ಹೆಚ್ಚಿಸಬೇಕು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಬೆರಳಿನ ರಕ್ತ ಇನ್ನೂ ಕಡಿಮೆಯಾಗುತ್ತದೆ. ಹಿಡಿತ ಸಡಿಲವಾಗಿದ್ದು, ಖಾಲಿ ರಸ್ತೆಯಲ್ಲಿ ಒಂದೊಂದೇ ಬೆರಳನ್ನು ಆಡಿಸುತ್ತಿರಬೇಕು. ಬೆರಳು ಮರಗಟ್ಟಿತೆನಿಸಿದರೆ ಸೈಕಲ್ ನಿಲ್ಲಿಸಿ, ತೋಳನ್ನು ಚಕ್ರದಂತೆ ಇಪ್ಪತ್ತು ಮೂವತ್ತು ಬಾರಿ ತಿರುಗಿಸಬೇಕು. ಇದರಿಂದ ರಕ್ತ ಬೆರಳ ತುದಿಗೆ ಹರಿಯುತ್ತದೆ. ಕಂಕುಳಲ್ಲಿ ಕೈ ಇಟ್ಟುಕೊಳ್ಳುವುದು, ಸೈಕಲ್ ತಳ್ಳುತ್ತ ನಾಲ್ಕು ಹೆಜ್ಜೆ ಬಿರುಸಾಗಿ ನಡೆಯುವುದು ಕೂಡ ಉಪಯುಕ್ತ.

ತಲುಪಿದ ಮೇಲೆ ಮರಗಟ್ಟಿದ ಕೈಯನ್ನು ನೇರವಾಗಿ ಬೆಂಕಿಗೆ ಹಿಡಿಯಬಾರದು. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಮಧುಮೇಹಿಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರವಹಿಸಬೇಕು. ಉಗುರುಬೆಚ್ಚಗಿನ ನೀರು ಸಾಕು. ಬಿಸಿಯೇರುವಾಗ ಚುಚ್ಚಿದಂತಾಗುವುದು ಸಹಜ.

ಬೀಡಿ ಸೇದಿದರೆ ಚಳಿ ಬಿಡುತ್ತದೆ ಎಂಬ ಮಾತು ಸುಳ್ಳು. ನಿಕೋಟಿನ್ ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ತೆರೆದು ಕ್ಷಣಕಾಲ ಬೆಚ್ಚಗೆನಿಸಿದರೂ ದೇಹದ ಒಳಗಿನ ಶಾಖವನ್ನು ಹೊರಹಾಕುತ್ತದೆ, ಸವಾರನ ಎಚ್ಚರವನ್ನೂ ಕೆಡಿಸುತ್ತದೆ. ಕೈಗೆ ಎಣ್ಣೆ ಹಚ್ಚುವುದರಿಂದ ಚರ್ಮ ಒಡೆಯುವುದು ತಪ್ಪುತ್ತದೆಯೇ ಹೊರತು ಚಳಿ ತಪ್ಪುವುದಿಲ್ಲ. ಎಣ್ಣೆಗೈ ಹ್ಯಾಂಡಲ್ ಮೇಲೆ ಜಾರುವುದರಿಂದ ಅದನ್ನು ರಾತ್ರಿ ಮಲಗುವಾಗ ಹಚ್ಚುವುದು ಒಳ್ಳೆಯದು.

ಚಳಿಯದಲ್ಲದ ಜೋಮು

ಸೈಕಲ್ ಸವಾರರ ಕೈ ಜೋಮು ಹಿಡಿಯುವುದೆಲ್ಲ ಚಳಿಯಿಂದಲೇ ಅಲ್ಲ. ಕಿರುಬೆರಳು ಮತ್ತು ಉಂಗುರ ಬೆರಳು ಮಾತ್ರ ಜೋಮು ಹಿಡಿದು, ಬಿಸಿಲೇರಿದರೂ ಹಾಗೇ ಉಳಿದರೆ, ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಹ್ಯಾಂಡಲ್ ಒತ್ತುತ್ತಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಇದ್ದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವ ಸಾಧ್ಯತೆ ಇದೆ. ಇವಕ್ಕೆ ಗ್ಲೌಸ್ ಮದ್ದಲ್ಲ. ಸೀಟು ಮತ್ತು ಹ್ಯಾಂಡಲಿನ ಎತ್ತರ ಸರಿಪಡಿಸುವುದು, ಕೈಯ ಭಂಗಿ ಬದಲಿಸುವುದು, ಹ್ಯಾಂಡಲಿಗೆ ತೂಗುಹಾಕಿದ ಭಾರವನ್ನು ಹಿಂದಿನ ಕ್ಯಾರಿಯರ್‌ಗೆ ಸಾಗಿಸುವುದು ಮೊದಲ ಹೆಜ್ಜೆ.

ಚಳಿ ತಾಗಿದೊಡನೆ ಕೆಲವು ಬೆರಳು ಸುಣ್ಣದಂತೆ ಬಿಳಿಚಿ, ನೀಲಿಗಟ್ಟಿ, ಬಿಸಿಯಾದಾಗ ಕೆಂಪಾದರೆ ಅದು ರೇನೋ ಎಂಬ ತೊಂದರೆಯ ಲಕ್ಷಣ. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದರು. ಮಹಿಳೆಯರಲ್ಲಿ ಹೆಚ್ಚು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳಿಂದಲೂ ಬೆರಳು ತಣ್ಣಗಾಗಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಬೆರಳಿನಲ್ಲಿ ತುರಿಕೆಯೊಡನೆ ಕೆಂಪು ಅಥವಾ ನೇರಳೆ ಬಾವು ಬಂದರೆ ಅದು ತೇವದ ಚಳಿಯ ಪರಿಣಾಮ. ಕೆರೆಯದೆ ಬೆಚ್ಚಗಿಟ್ಟುಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಹುಣ್ಣಾದರೆ, ಅಥವಾ ಬೆಚ್ಚಗಾದ ಮೇಲೂ ಸ್ಪರ್ಶ ಮರಳದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು.

ಮನೆಯವರು ಮತ್ತು ಶಾಲೆ ಗಮನಿಸಬೇಕಾದದ್ದು

ಮಕ್ಕಳು ಕೈ ತಣ್ಣಗಾಯಿತೆಂದು ದೂರುವುದು ಕಡಿಮೆ. ತರಗತಿಗೆ ಬಂದ ಮಗು ಪೆನ್ನು ಹಿಡಿಯಲಾಗದೆ ಕೈ ಉಜ್ಜಿಕೊಳ್ಳುತ್ತಿದ್ದರೆ, ಅದೇ ಕೈ ಹತ್ತು ನಿಮಿಷದ ಹಿಂದೆ ಬ್ರೇಕ್ ಹಿಡಿಯಬೇಕಿತ್ತು ಎಂಬುದನ್ನು ಶಿಕ್ಷಕರು ನೆನೆಯಬೇಕು. ಚಳಿ ಹೆಚ್ಚಿದ ದಿನಗಳಲ್ಲಿ ದೂರದಿಂದ ಬರುವ ಮಕ್ಕಳಿಗೆ ಹತ್ತು ನಿಮಿಷ ತಡವಾಗಿ ಬರಲು ಅವಕಾಶ ಕೊಡುವುದು, ಬಂದೊಡನೆ ಬಿಸಿಲಿನಲ್ಲಿ ನಿಲ್ಲಿಸುವುದು ಯಾವ ಆದೇಶವೂ ಬೇಕಿಲ್ಲದ ಕೆಲಸ. ಪತ್ರಿಕೆ ಹಂಚುವವರಿಗೆ ಏಜೆಂಟರು, ಹಾಲು ತರುವವರಿಗೆ ಡೇರಿಯವರು ಡಿಸೆಂಬರ್ ಮೊದಲ ವಾರದಲ್ಲೇ ಒಂದು ಜೊತೆ ಗ್ಲೌಸ್ ಕೊಟ್ಟರೆ ಆಗುವ ಖರ್ಚು ಅಲ್ಪ.

ಮಾಗಿ ಮುಗಿದು, ಕೊಟ್ಟೂರೇಶ್ವರನ ತೇರು ಮತ್ತು ಮೈಲಾರದ ಕಾರಣಿಕದ ಹೊತ್ತಿಗೆ ಈ ಬಯಲು ಮತ್ತೆ ಬಿಸಿಲಿಗೆ ತಿರುಗುತ್ತದೆ. ಅದಕ್ಕೆ ಮುನ್ನಿನ ಎರಡು ತಿಂಗಳು ಉದ್ದ ತೋಳು, ಮುಚ್ಚಿದ ಮಣಿಕಟ್ಟು, ಒಣಗಿದ ಕೈ, ಗಾಳಿ ತೂರದ ಹೊದಿಕೆ, ಇವಿಷ್ಟನ್ನು ಪಾಲಿಸಿದರೆ ಬ್ರೇಕ್ ಹಿಡಿಯುವ ಬೆರಳು ಸವಾರನ ಮಾತು ಕೇಳುತ್ತದೆ.